ಭಾವನ ಗಪ್ಪಿಗಳ ಪಂಚನಾಮೆ

ಮಲೆನಾಡಿನವರ ಮುಂದೆ ಮಲೆನಾಡಿನ ರಸ್ತೆಯನ್ನು ಬೈಯಬಹುದು. ಕರೆಂಟನ್ನು ಬೈದರೆ ಅವರೂ ಜೊತೆ ಸೇರುತ್ತಾರೆ. ಕಾಫಿ ರೇಟನ್ನು ಬೈದರೆ ಊಟಕ್ಕೇ ಕೂರಿಸುತ್ತಾರೆ. ನೀರಿನ ವಿಷಯ ಮಾತ್ರ ಎತ್ತಬಾರದು. ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಆ ನೀರಿಗೆ ಮೋಟಾರೂ ಬೇಡ, ಫಿಲ್ಟರೂ ಬೇಡ. ಬೆಂಗಳೂರಿನ ನೆಂಟರಿಗೆ ಕಾಫಿಗಿಂತ ಮೊದಲು ಒಂದು ಚೊಂಬು ಕೊಟ್ಟು, ಅವರು ಕುಡಿದು ಹೊಗಳುವ ತನಕ ಮುಖವನ್ನೇ ನೋಡುತ್ತ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಹೀಗಾಗಿ, ಕಳಸದ ಹತ್ತಿರ ಕಾಫಿ, ಅಡಿಕೆ ಮಾಡಿಕೊಂಡಿರುವ ನಮ್ಮ ಭಾವನ ಗಾಜಿನ ತೊಟ್ಟಿಯಲ್ಲಿ ಮೀನುಗಳು ಸಾಯತೊಡಗಿದಾಗ ಆರೋಪಿಗಳ ಪಟ್ಟಿಯಲ್ಲಿ ನೀರಿನ ಹೆಸರೇ ಇರಲಿಲ್ಲ.

ಉಳಿದವರೆಲ್ಲ ಇದ್ದರು. ಅಕ್ಕನ ಧೂಪದ ಹೊಗೆ ಎಂದು ಭಾವ, ಭಾವನ ಸಿಗರೇಟು ಎಂದು ಅಕ್ಕ. ಕರೆಂಟು ಹೋಗಿ ಗಾಳಿಪಂಪು ನಿಂತದ್ದೇ ಕಾರಣ ಎಂದು ಲೈನ್‌ಮನ್ ಮೇಲೆ ಹಳೆಯ ಸಿಟ್ಟಿದ್ದ ಪಕ್ಕದ ತೋಟದವರು. ಬೋರ್ಡೋ ಕಲಸಿದ ಬಕೆಟ್ಟಲ್ಲಿ ಯಾರೋ ನೀರು ಹೊಯ್ದಿದ್ದಾರೆ ಎಂದು ತೋಟದ ರೈಟರು. ಈ ಕೊನೆಯದು ತಳ್ಳಿಹಾಕುವ ಮಾತಲ್ಲ. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಕಲಸುತ್ತೇವಲ್ಲ, ಆ ತುತ್ತದ ತಾಮ್ರ ಮೀನಿನ ಕಿವಿರಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಂತೂ ದುಪ್ಪಟ್ಟು ಕ್ರೂರಿ. ಆದರೆ ಬಕೆಟ್ಟು ಹೊಸದೆಂದು ಅಕ್ಕ ಸ್ಟಿಕ್ಕರ್ ಸಮೇತ ತಂದು ತೋರಿಸಿದಳು. ಘಟ್ಟದ ಕೆಳಗಿನ ನೆಂಟರೊಬ್ಬರು ಶಿಶಿಲದ ಕಥೆ ತೆಗೆದರು: 1990ರ ದಶಕದಲ್ಲಿ ಅಲ್ಲಿನ ಹೊಳೆಯ ದೇವರ ಮೀನುಗಳಿಗೆ ದುಷ್ಕರ್ಮಿಗಳು ವಿಷ ಹಾಕಿದರು, ಸತ್ತ ಮೀನುಗಳಿಗೆ ಊರವರು ಸ್ಮಾರಕ ಕಟ್ಟಿಸಿದರು. ಭಾವನಿಗೆ ಎದೆ ತುಂಬಿ ಬಂತು. “ಗಪ್ಪಿಗೆಲ್ಲ ಸ್ಮಾರಕ ಬೇಡ,” ಎಂದಳು ಅಕ್ಕ, “ಮೊದಲು ಕೊಟ್ಟಿಗೆ ಮಾಡು ಸರಿ ಮಾಡ್ಸಿ.”

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನೆಂಬ ಒಂದೇ ಕಾರಣಕ್ಕೆ ಪಂಚನಾಮೆ ನನ್ನ ಕೊರಳಿಗೆ ಬಿತ್ತು.

“ಭಾವ, ನೀರು ನೋಡಿದೀರಾ?”

“ನೀರಿಗೆ ಎಂತ ಆಗಿದೆ ಮಾರಾಯ? ಅದರಲ್ಲಿ ಎಂತದೂ ಇಲ್ಲ!”

ತೊಂದರೆಯೇ ಅದು. ಸಾವಿರಾರು ವರ್ಷ ಮಳೆಗೆ ತೊಳೆದುಹೋದ ನಮ್ಮ ಗುಡ್ಡಗಳಲ್ಲಿ ನೀರಿಗೆ ಸೇರುವಷ್ಟು ಸುಣ್ಣದ ಅಂಶ ಉಳಿದಿಲ್ಲ. ಸೋಪು ಹಚ್ಚಿದರೆ ಎಷ್ಟು ತೊಳೆದರೂ ಜಾರುವುದು ಇದಕ್ಕೇ. ಭಾವ ತರುವ ಗಪ್ಪಿ, ಮೋಲಿಗಳು ಚೆನ್ನೈನ ಕೊಳತ್ತೂರಿನ ಕಡೆಯವು, ಗಡಸು ನೀರಿನಲ್ಲಿ ಹುಟ್ಟಿ ಬೆಳೆದವು. ನಮ್ಮ ಅಮೃತಕ್ಕೆ ಬಿದ್ದ ದಿನವೇ ಅವು ಅರ್ಧ ಸುಸ್ತು.

ಉಳಿದ ಅರ್ಧದ ಕೆಲಸ ಮುಗಿಸುವ ರಸಾಯನವನ್ನು ಭಾವ ನನಗಿಂತ ಚೆನ್ನಾಗಿ ಬಲ್ಲರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ; ಅಲ್ಲಿಗೆ ಮಣ್ಣು ಹೊತ್ತು ಪರೀಕ್ಷೆ ಮಾಡಿಸಿ, ತೋಟದ ಪ್ರತಿ ಬ್ಲಾಕಿನ ಪಿಎಚ್ ಬಾಯಿಪಾಠ ಮಾಡಿಕೊಂಡವರು ಅವರು. (ಈ ಪಿಎಚ್ ಅಳತೆ ಹುಟ್ಟಿದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ, ಸೋರೆನ್ಸೆನ್ ಎಂಬವನ ಕೈಯಲ್ಲಿ. ಇದನ್ನು ಕೇಳಿದ ಮೇಲೆ ಭಾವನಿಗೆ ವಿಜ್ಞಾನದ ಮೇಲಿನ ಗೌರವ ಹೆಚ್ಚಾಗಿದೆ.) ಯೂರಿಯಾ ಎರಚಿದರೆ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ, ಹಾಗೆ ಮಾಡುವಾಗ ಮಣ್ಣು ಹುಳಿಯಾಗುತ್ತದೆ, ಹುಳಿ ಮುರಿಯಲು ಸುಣ್ಣ ಹಾಕುತ್ತೇವೆ. ತೊಟ್ಟಿಯಲ್ಲೂ ಇದೇ ಬೇಸಾಯ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಕಾಳು ಕೊಳೆತು ಇನ್ನಷ್ಟು ಸೇರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಕೂತ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ, ನೀರನ್ನು ಹುಳಿ ಮಾಡುತ್ತವೆ. ಗಡಸು ನೀರು ಆ ಹುಳಿಯನ್ನು ನುಂಗಿಕೊಳ್ಳುತ್ತದೆ. ನಮ್ಮದರ ಕೈಲಿ ಆಗುವುದಿಲ್ಲ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳೂ ಕೆಲಸ ನಿಲ್ಲಿಸುತ್ತ ಬರುತ್ತವೆ, ಅಮೋನಿಯಾ ಜಮೆಯಾಗುತ್ತದೆ.

ಸ್ವಾರಸ್ಯವೆಂದರೆ ಆಗಲೂ ಮೀನು ಸಾಯುವುದಿಲ್ಲ. ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟು ಕೆಡುಕಿನದಲ್ಲ. ಪಿಎಚ್ 6ರಲ್ಲಿ ವಿಷದ ರೂಪದಲ್ಲಿರುವುದು ಸಾವಿರದಲ್ಲಿ ಒಂದು ಪಾಲೂ ಇಲ್ಲ. ನೀರು ಹಳದಿಗಟ್ಟಿ, ಗಾಜಿಗೆ ಪಾಚಿ ಹತ್ತಿ, ಮೀನುಗಳು ಹೇಗೋ ಸಂಸಾರ ಮಾಡಿಕೊಂಡಿರುತ್ತವೆ. ಅಷ್ಟರಲ್ಲಿ ದೀಪಾವಳಿಗೆ ನೆಂಟರು ಬರುತ್ತಾರೆಂದು ಭಾವ ಪಂಚೆ ಎತ್ತಿ ಕಟ್ಟುತ್ತಾರೆ. ಮುಕ್ಕಾಲು ನೀರು ಬದಲಿಸಿ, ಸ್ಪಂಜು ಹಿಂಡಿ ತೊಳೆದು, ‘ಹುಳಿ ಮುರಿಯಲಿ’ ಎಂದು ಬೋರ್ಡೋಗೆ ತಂದ ಸುಣ್ಣದಲ್ಲಿ ಒಂದು ಹಿಡಿ ಹಾಕುತ್ತಾರೆ. ಪಿಎಚ್ 6ರಿಂದ 8ಕ್ಕೆ ಹಾರಿದರೆ ವಿಷದ ಪಾಲು ಹತ್ತಿರಹತ್ತಿರ ನೂರು ಪಟ್ಟು. ಉಳಿದ ಕಾಲು ನೀರಿನ ಹಳೆಯ ಬಾಕಿಯೇ ಸಾಕು. ಬೆಳಿಗ್ಗೆ ನೀರು ಸ್ಫಟಿಕ, ಮೀನುಗಳು ಮೇಲೆ.

“ಅಂದ್ರೆ ಕೊಳಕಾಗಿದ್ದಾಗ ಬದುಕಿದ್ವು, ನಾನು ತೊಳೆದಿದ್ದಕ್ಕೆ ಸತ್ತವು ಅಂತೀಯ?”

“ಹೌದು ಭಾವ.”

“ನಾನೂ ಅದನ್ನೇ ಹೇಳದು,” ಅಕ್ಕ ಒಳಗಿನಿಂದಲೇ ಹೇಳಿದಳು, “ವರ್ಷಕ್ಕೊಂದು ಸಲ ಮನೆಕೆಲಸ ಮಾಡೋಕೆ ಹೊರಟ್ರೆ ಹಿಂಗೇ ಆಗದು.”

ಪರಿಹಾರ ದೊಡ್ಡದೇನಲ್ಲ. ಮಲ್ಪೆಯಿಂದ ಒಂದು ಹಿಡಿ ಚಿಪ್ಪು ತಂದು, ತೊಳೆದು, ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟೆವು. ಸುಟ್ಟ ಸುಣ್ಣದ ಆತುರ ಚಿಪ್ಪಿಗಿಲ್ಲ, ನೀರು ಹುಳಿಯಾದಷ್ಟೇ ಅದು ಕರಗುತ್ತದೆ. ವಾರಕ್ಕೊಮ್ಮೆ ಒಂದೆರಡು ಚೊಂಬು ನೀರು ಬದಲಿಸಿದರೆ ಆಯಿತು. ಇಲ್ಲವೇ ಮೆದು ನೀರನ್ನೇ ಬಯಸುವ ನಿಯಾನ್ ಟೆಟ್ರಾ ಸಾಕಿ ಎಂದೆ. ಅವುಗಳ ತವರು ಅಮೆಜಾನಿನ ತೊರೆಗಳ ನೀರು ನಮ್ಮಂಥದ್ದೇ. ಅಷ್ಟು ಹೊತ್ತು ಕುಗ್ಗಿ ಕೂತಿದ್ದ ಭಾವ ಎದ್ದು ನಿಂತರು. ಈಗ ನೆಂಟರ ಕೈಗೆ ಚೊಂಬು ಕೊಡುವಾಗ “ಅಮೆಜಾನ್ ಕ್ವಾಲಿಟಿ” ಎಂದು ಸೇರಿಸುತ್ತಾರೆ.

ಜೊತೆಗೆ ಪಿಎಚ್ ನೋಡುವ ಹನಿಯ ಬಾಟಲಿಯನ್ನೂ ತರಿಸಿಕೊಂಡಿದ್ದಾರೆ. ಹಳದಿ ಬಂದರೆ ಹುಳಿ, ಹಸಿರು ಬಂದರೆ ಸಮ, ನೀಲಿ ಬಂದರೆ ಕ್ಷಾರ. ಸುದ್ದಿ ಹಬ್ಬಿ, ಸುತ್ತಲಿನವರು ತಮ್ಮ ಬಾವಿ, ಒರತೆಗಳ ನೀರನ್ನು ಕ್ವಾರ್ಟರ್ ಬಾಟಲಿಗಳಲ್ಲಿ ತುಂಬಿ ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಾರೆ. ಮೊನ್ನೆ ಒಂದು ಬಾಟಲಿಗೆ ಎಷ್ಟು ಹನಿ ಹಾಕಿದರೂ ಹಳದಿಯೂ ಅಲ್ಲ, ಹಸಿರೂ ಅಲ್ಲ. ಕುದುರೆಮುಖದ ಕಡೆಯ ಕಬ್ಬಿಣದ ಅಂಶ ಇರಬೇಕು ಎಂದು ಭಾವ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಅಕ್ಕ ಬಂದು ಮೂಸಿ ನೋಡಿದಳು.

“ಇದು ಬಾವಿದಲ್ಲ. ತೆಗೆದಿಡಿ, ಸಂಜೆ ಆಗ್ತಿದ್ದ ಹಾಗೆ ರೈಟ್ರು ಹುಡುಕ್ಕೊಂಡು ಬರ್ತಾರೆ.”