ಐವತ್ತೈದು ನಿಮಿಷದ ಸಾವ್ಕಾರರು

ಅಥಣಿ ಸೀಮೆಯಲ್ಲಿ ತೂಕ ಅಂದರೆ ಮೊದಲು ಕಬ್ಬಿನ ತೂಕ, ಉಳಿದದ್ದೆಲ್ಲ ಆಮೇಲೆ. ಹಂಗಾಮು ಶುರುವಾಗಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ರಸ್ತೆ ತುಂಬ ಹೊರಟವೆಂದರೆ ಚಹಾದಂಗಡಿಯಲ್ಲಿ ಒಂದೇ ಚರ್ಚೆ: ಯಾವ ಕಾರ್ಖಾನೆಯ ಕಾಟಾ ನೆಟ್ಟಗಿದೆ, ಯಾವುದು ಹೊಡೆಯುತ್ತದೆ. ನಮ್ಮ ಸಾವ್ಕಾರರು ಈ ವಿಷಯದಲ್ಲಿ ಪಂಡಿತರು. ಕಾರ್ಖಾನೆಯ ಕಾಟಾ ಯಾವತ್ತೂ ಕಡಿಮೆಯೇ ತೋರಿಸುತ್ತದೆ ಎಂಬುದು ಅವರ ಮೊದಲನೆಯ ಸಿದ್ಧಾಂತ. ಮಗ ಪುಣೆಯಿಂದ ತಂದು ಬಚ್ಚಲಮನೆಯ ಪಕ್ಕ ಇಟ್ಟ ಗಾಜಿನ ಕಾಟಾ ಯಾವತ್ತೂ ಹೆಚ್ಚೇ ತೋರಿಸುತ್ತದೆ ಎಂಬುದು ಎರಡನೆಯದು. ಎರಡೂ ಕಡೆ ಮೋಸ ಹೋಗುವವನು ಮಾತ್ರ ರೈತನೇ.

ಸಾವ್ಕಾರರ ಹೆಸರು ಕೇಳಬೇಡಿ. ಹೆಸರಿಟ್ಟರೆ ಹತ್ತು ಮಂದಿ ನನ್ನ ಮನೆಗೆ ಜಗಳಕ್ಕೆ ಬರುತ್ತಾರೆ. ಇಡದಿದ್ದರೆ ಅದೇ ಹತ್ತು ಮಂದಿ, ಇದು ಆಚೆ ಓಣಿಯವನ ಕತೆ ಎಂದು ಓದಿ ನಗುತ್ತಾರೆ. ಚಿಕ್ಕೋಡಿ, ರಾಯಬಾಗ, ಕಾಗವಾಡ, ನಿಪ್ಪಾಣಿ ಎಲ್ಲಿ ಹುಡುಕಿದರೂ ಒಬ್ಬರು ಸಿಗುತ್ತಾರೆ. ಐವತ್ತು ದಾಟಿದ ವಯಸ್ಸು, ಕೃಷ್ಣೆಯ ನೀರು ಮುಟ್ಟುವ ಹೊಲ, ಪತ್ತಿನ ಸೊಸೈಟಿಯಲ್ಲಿ ಡೈರೆಕ್ಟರ್‌ಗಿರಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಅಂಗಿಯ ನಾಲ್ಕನೆಯ ಗುಂಡಿ ಹಗಲೂ ರಾತ್ರಿ ಡ್ಯೂಟಿ ಮೇಲಿರುತ್ತದೆ.

ಕಾಲಲ್ಲಿ ಅಥಣಿಯದೇ ಚಪ್ಪಲಿ. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಈ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಹೆಸರೂ ಸೇರಿತು. ಸಾವ್ಕಾರರು ಅದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಆದರೆ ಚಪ್ಪಲಿಯ ಮೇಲಿನ ಪ್ರೀತಿಗೆ ಒಳಗಿನ ಕಾರಣ ಬೇರೆ: ಅದನ್ನು ಮೆಟ್ಟಲು ಬಗ್ಗಬೇಕಿಲ್ಲ. ನಿಂತಲ್ಲೇ ಕಾಲು ತೂರಿಸಿದರೆ ಆಯಿತು. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬೊಬ್ಬನಿದ್ದ, ದೊಡ್ಡವರ ಶವಯಾತ್ರೆಗೆ ಏರ್ಪಾಡು ಮಾಡುವ ಮನೆತನದವನು. ಬೂಟಿನ ಲೇಸು ಕಟ್ಟಲು ಬಗ್ಗಲಾಗದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದು ಇಳಿದು ಬೇಸತ್ತು, ಕೊನೆಗೆ ಬ್ರೆಡ್ಡು, ಸಕ್ಕರೆ, ಬಿಯರು, ಬಟಾಟಿ ಬಿಟ್ಟು ತೂಕ ಇಳಿಸಿಕೊಂಡ. 1863ರಲ್ಲಿ ಅದನ್ನೇ ಸಣ್ಣ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಜನ ಮುಗಿಬಿದ್ದು ಓದಿದರು. ಪಾಪ, ಒಂದು ಜೊತೆ ಅಥಣಿ ಚಪ್ಪಲಿ ಸಿಕ್ಕಿದ್ದರೆ ಆ ಮನುಷ್ಯ ಬಟಾಟಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಸಾವ್ಕಾರರದು ಹಾಗೆ ದುಡುಕಿ ಬಿಡುವ ಸ್ವಭಾವವಲ್ಲ. ಡಯಟ್ ಮಾಡಬೇಕೋ ಬೇಡವೋ ಎಂಬುದನ್ನು ಅವರು ಸೊಸೈಟಿಯ ಠರಾವಿಗೆ ಕೊಡುವಷ್ಟೇ ಕಾಲಾವಕಾಶ ಕೊಟ್ಟು ವಿಚಾರಿಸುತ್ತಾರೆ. ವಿಷಯ ಮಂಡನೆ ಆಗಬೇಕು, ಚರ್ಚೆ ಆಗಬೇಕು, ಆಮೇಲೆ ಮುಂದಿನ ಸಭೆಗೆ ಹೋಗಬೇಕು.

ಗಡಿಯ ಮೇಲಿನವರಿಗೆ ನೀರೂ ಆಚೆಯಿಂದ, ಬೀಗರೂ ಆಚೆಯಿಂದ, ದೊಡ್ಡ ಕಾಯಿಲೆ ಬಂದರೆ ಓಡುವುದೂ ಮಿರಜಕ್ಕೆ. ಡಯಟ್ಟೂ ಅಲ್ಲಿಂದಲೇ ಬಂತು. ನಾಗಪುರದ ಶ್ರೀಕಾಂತ ಜಿಚ್ಕಾರ ಎಂಬ, ಪದವಿಯ ಮೇಲೆ ಪದವಿ ಪಡೆದು ಹೆಸರಾಗಿದ್ದ ವೈದ್ಯ-ರಾಜಕಾರಣಿಯ ಉಪನ್ಯಾಸದ ಎಳೆ ಹಿಡಿದು ಲಾತೂರಿನ ವೈದ್ಯಕೀಯ ಪ್ರಾಧ್ಯಾಪಕ ಡಾ. ಜಗನ್ನಾಥ ದೀಕ್ಷಿತರು ಒಂದು ಅಭಿಯಾನವನ್ನೇ ಕಟ್ಟಿದರು. ಖರೇ ಹಸಿವಾದಾಗ ಮಾತ್ರ ಉಣ್ಣಬೇಕು, ದಿನಕ್ಕೆ ಎರಡೇ ಸಲ, ಒಂದೊಂದು ಊಟ ಐವತ್ತೈದು ನಿಮಿಷದೊಳಗೆ ಮುಗಿಯಬೇಕು. ನಡುವೆ ನೀರು, ನೀರುಮಜ್ಜಿಗೆ, ಸಕ್ಕರೆ-ಹಾಲಿಲ್ಲದ ಚಹಾ ಬಿಟ್ಟರೆ ಏನೂ ಬಾಯಿಗೆ ಬೀಳಬಾರದು. ಜೊತೆಗೆ ನಲವತ್ತೈದು ನಿಮಿಷದಲ್ಲಿ ನಾಲ್ಕೂವರೆ ಕಿಲೋಮೀಟರು ನಡಿಗೆ. ಬಾಯಾಡಿದಾಗಲೆಲ್ಲ ಇನ್ಸುಲಿನ್ ಏರುತ್ತದೆ, ಏರಿದ್ದು ಇಳಿಯದಿದ್ದರೆ ಬೊಜ್ಜು ಕರಗುವುದಿಲ್ಲ ಎಂಬುದು ಅವರ ವಾದ. ಮರಾಠಿಯ ಆ ಭಾಷಣ ಮೊಬೈಲಿನಿಂದ ಮೊಬೈಲಿಗೆ ದಾಟಿ ಸಾಂಗಲಿ, ಮಿರಜ, ಕಾಗವಾಡ ಹಾದು ಅಥಣಿಗೆ ಬಂದು ಸಾವ್ಕಾರರ ಊಟದ ತಾಟಿನ ಮುಂದೆ ಕೂತಿತು. ಅವರು ಅದನ್ನು ಉಣ್ಣುತ್ತಲೇ ಪೂರ್ತಿ ಕೇಳಿದರು.

ಇದರಲ್ಲಿ ಅವರಿಗೆ ಬಹಳ ಹಿಡಿಸಿದ್ದು ಐವತ್ತೈದು ನಿಮಿಷ. ಅಷ್ಟರೊಳಗೆ ಮುಗಿಸಬೇಕು ಎಂದು ವೈದ್ಯರು ಹೇಳಿದ್ದು. ಅಷ್ಟೂ ಹೊತ್ತು ಉಣ್ಣಲು ಮಂಜೂರಾತಿ ಸಿಕ್ಕಿದೆ ಎಂದು ಸಾವ್ಕಾರರು ತಿಳಿದದ್ದು. ಅದಕ್ಕೆ ಮುಂಚೆ ಅವರ ಊಟ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಈಗ ಮಂಜೂರಾದ ಅವಧಿ ವಾಯಾ ಆಗಬಾರದಲ್ಲ. ಅವರ ಹೆಂಡತಿ, ನಮ್ಮ ವೈನಿ, ಮೊಬೈಲಿನಲ್ಲಿ ಅಲಾರಾಂ ಹಚ್ಚಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾರೆ. ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮೇಲೊಂದು ಹಸಿಮೆಣಸಿನಕಾಯಿ. ಐವತ್ತೆರಡನೆಯ ನಿಮಿಷಕ್ಕೆ ಸಾವ್ಕಾರರು ಗಡಿಯಾರ ನೋಡಿ ಒಳಗೆ ಕೂಗುತ್ತಾರೆ:

“ಇನ್ನ ಮೂರ ಮಿನಿಟ್ ಅದಾವು. ನಿನ್ನಿ ಹೋಳಿಗಿ ಏನರ ಉಳದಾವೇನ ನೋಡ.”

ಇದು ಸರಿಹೋಗದಿದ್ದರೆ ಇನ್ನೊಂದು ಪಕ್ಷವೂ ಉಂಟು. ಮುಂಬಯಿಯ ರುಜುತಾ ದಿವೇಕರ ಹೇಳುವುದು ಬಹುಪಾಲು ಇದರ ತಿರುವುಮುರುವು: ಹೊಟ್ಟೆ ಬಹಳ ಹೊತ್ತು ಖಾಲಿ ಬಿಡಬೇಡಿ, ಎರಡೆರಡು ತಾಸಿಗೆ ಸ್ವಲ್ಪ ಸ್ವಲ್ಪ ತಿನ್ನಿ, ತುಪ್ಪಕ್ಕೆ ಅಂಜಬೇಡಿ, ಅಜ್ಜಿ ಮಾಡುತ್ತಿದ್ದದ್ದನ್ನೇ ಉಣ್ಣಿ. ಕರೀನಾ ಕಪೂರಳನ್ನು ತೆಳ್ಳಗೆ ಮಾಡಿದ ಕೀರ್ತಿಯ ಬೆನ್ನಿಗೇ 2009ರಲ್ಲಿ ಅವರ ಮೊದಲ ಪುಸ್ತಕ ಬಂದಿತ್ತು. ದೀಕ್ಷಿತರೋ ದಿವೇಕರರೋ ಎಂದು ಇಡೀ ಮಹಾರಾಷ್ಟ್ರ ಎರಡು ಪಾಳಯವಾಗಿ ಜಗಳಾಡುತ್ತಿದ್ದಾಗ ಸಾವ್ಕಾರರು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಎರಡು ತಾಸಿಗೊಮ್ಮೆ ತಿನ್ನುವುದು ದಿವೇಕರರ ಪ್ರಕಾರ. ಪ್ರತಿ ಸಲವೂ ಐವತ್ತೈದು ನಿಮಿಷ ತಿನ್ನುವುದು ದೀಕ್ಷಿತರ ಪ್ರಕಾರ. ಈ ಸಮ್ಮಿಶ್ರ ಸರ್ಕಾರದ ಅವಧಿಯಲ್ಲಿ ಮಗನ ಗಾಜಿನ ಕಾಟಾ ನೂರರ ಗಡಿ ದಾಟಿತು.

“ಕ್ವಿಂಟಲ್ ಆತಲ್ಲೋ,” ಎಂದು ಅವರು ನನಗೆ ಹೇಳಿದ ದನಿಯಲ್ಲಿ ದುಃಖದ ಜೊತೆ, ಇಳುವರಿ ಬಂದ ರೈತನ ಒಂದು ಎಳೆ ಹೆಮ್ಮೆಯೂ ಇತ್ತು.

ಪಕ್ಕದ ಮನೆಯಲ್ಲಿ ಜೈನರ ಆಯಿ ಒಬ್ಬರಿದ್ದಾರೆ, ಎಂಬತ್ತರ ಆಚೆ. ಹೊತ್ತು ಮುಳುಗುವ ಮುಂಚೆ ಉಂಡು, ಬಾಯಿ ಮುಕ್ಕಳಿಸಿ, ಕಟ್ಟೆಯ ಮೇಲೆ ಕೂತರೆ ಆಮೇಲೆ ಬೆಳಗಿನ ತನಕ ಏನೂ ಮುಟ್ಟುವುದಿಲ್ಲ. ಸಾವ್ಕಾರರು ಅವರಿಗೆ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಬಗ್ಗೆ ಬಹಳ ಹೊತ್ತು ತಿಳಿಸಿ ಹೇಳಿದರು. ಹದಿನಾರು ತಾಸು ಹೊಟ್ಟೆ ಖಾಲಿ ಇಟ್ಟರೆ ದೇಹದಲ್ಲಿ ಏನೇನು ನಡೆಯುತ್ತದೆ, ವಿದೇಶದವರು ಏನೇನು ಕಂಡುಹಿಡಿದಿದ್ದಾರೆ, ಎಲ್ಲ. ಆಯಿ ಸಾವಧಾನವಾಗಿ ಕೇಳಿದರು.

“ನಮ್ಮಲ್ಲಿ ಇದಕ್ಕ ಹೆಸರೇನೂ ಇಲ್ಲಪಾ. ಲಗೂ ಉಂಡ ಬಿಡ್ತೇವಿ, ಅಷ್ಟ.”

ನಿಪ್ಪಾಣಿ ಕಡೆಯ ಭೋಜ ಗ್ರಾಮದ ಹೆಸರಿನೊಂದಿಗೇ ನೆನೆಯುವ ಆಚಾರ್ಯ ಶಾಂತಿಸಾಗರರು, ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ಈ ಸೀಮೆಯವರೇ. ದಿಗಂಬರ ಮುನಿಗಳದು ದಿನಕ್ಕೊಂದೇ ಆಹಾರ, ಅದೂ ನಿಂತು, ಅಂಗೈಯಲ್ಲಿ. ಇಷ್ಟೆಲ್ಲ ಕಣ್ಣೆದುರಿಗಿದ್ದೂ ಅದನ್ನು ಒಬ್ಬ ಡಾಕ್ಟರು ಮರಾಠಿಯಲ್ಲಿ ಮೊಬೈಲಿನೊಳಗಿಂದ ಹೇಳಿದಾಗಲೇ ನಮಗೆ ಕೇಳಿಸುವುದು. ಹಾಗೆಂದು ಸಾವ್ಕಾರರನ್ನು ಅಧರ್ಮಿ ಎನ್ನುವಂತಿಲ್ಲ. ಆಷಾಢ ಏಕಾದಶಿ ಅವರು ತಪ್ಪಿಸಿದ್ದಿಲ್ಲ. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಖವೆಯ ಬರ್ಫಿ. ಆ ದಿನಕ್ಕೆಂದೇ ಮರಾಠಿ ಮಂದಿ ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ಗಾದೆ ಮಾಡಿಟ್ಟಿದ್ದಾರೆ.

ಒಂದು ವಾರ ಅವರು ಡಯಟ್ಟಿನ ಸ್ಯಾಂಪಲ್ ನೋಡಿದ್ದೂ ಉಂಟು. ರೊಟ್ಟಿ ಬಂದ್, ಅನ್ನ ಬಂದ್, ಚಹಾದ ಸಕ್ಕರೆ ಬಂದ್. ಕಬ್ಬು ಬೆಳೆಯುವ ಊರಲ್ಲಿ ಸಕ್ಕರೆ ಬಿಟ್ಟರೆ ದ್ರೋಹವಾಗುತ್ತದೇನೋ ಎಂಬ ಅಳುಕಿದ್ದರೂ ಬಿಟ್ಟರು. ವಾರದಲ್ಲಿ ಮೂರು ಕಿಲೋ ಇಳಿಯಿತು. ಆ ಒಂದು ಸಲ ಮಾತ್ರ ಮನೆಯ ಕಾಟಾ ಸರಿಯಾಗಿ ತೋರಿಸಿತೆಂದು ಅವರು ಒಪ್ಪಿದರು. ಇಳಿದದ್ದರಲ್ಲಿ ಹೆಚ್ಚಿನದು ನೀರು: ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಸಂಗ್ರಹ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮಿನಷ್ಟು ನೀರು ಹಿಡಿದಿರುತ್ತದೆ, ಉಪವಾಸದ ಮೊದಲ ದಿನಗಳಲ್ಲಿ ಸಂಗ್ರಹ ಖರ್ಚಾದಂತೆ ನೀರೂ ಹೊರಟುಹೋಗುತ್ತದೆ, ಉಣ್ಣತೊಡಗಿದ ಕೂಡಲೇ ಮರಳಿ ಬರುತ್ತದೆ. ಇದನ್ನು ನಾನು ಹೇಳಹೋದೆ. “ನೀರಾಗಲಿ, ಏನರ ಆಗಲಿ, ನಂದ ಹೌದಲ್ಲೋ?” ಎಂದರು.

ಎಂಟನೆಯ ದಿನ ಮದುವೆ ಬಂತು.

ಅಥಣಿಯಲ್ಲಿ ಡಯಟ್ ಮುರಿಯುವುದು ನಾಲಿಗೆಯ ಚಪಲದಿಂದ ಎಂದು ತಿಳಿದವರಿಗೆ ಊರಿನ ವ್ಯವಹಾರ ಗೊತ್ತಿಲ್ಲ. ಇಲ್ಲಿ ಉಣ್ಣುವುದು ಒಂದು ಹೇಳಿಕೆ. ಉಂಡರೆ ನಿಮ್ಮ ಮನೆಯವನಾಗಿದ್ದೇನೆ ಎಂದರ್ಥ. ಉಣ್ಣದಿದ್ದರೆ, ಹೋದ ಸಲ ಸೊಸೈಟಿ ಎಲೆಕ್ಷನ್ನಿನಲ್ಲಿ ನಡೆದದ್ದನ್ನು ಮರೆತಿಲ್ಲ ಎಂದರ್ಥ. ಸಾವ್ಕಾರರು ಪಂಗ್ತಿಯಲ್ಲಿ ಕೂತು ಬಡಿಸುವವನಿಗೆ ಅಂಗೈ ಅಡ್ಡ ಹಿಡಿದರು. ಹುಗ್ಗಿಯ ಬಕೆಟ್ಟು ನಿಂತಿತು. ಹಿಂದೆ ಬರುತ್ತಿದ್ದ ತುಪ್ಪದ ತಂಬಿಗೆ ನಿಂತಿತು, ಅದರ ಹಿಂದಿನ ಭಜಿಯ ಬುಟ್ಟಿ ನಿಂತಿತು. ಆಚೀಚಿನ ನಾಲ್ಕು ಮಂದಿ ತುತ್ತು ನಿಲ್ಲಿಸಿ ನೋಡಿದರು. ಹುಡುಗ ಓಡಿಹೋಗಿ ಹೆಣ್ಣಿನ ತಂದೆಯನ್ನೇ ಕರೆತಂದ. ಅವರು ಟಾವೆಲ್ ಕೈಯಲ್ಲಿ ಹಿಡಿದು ಬಗ್ಗಿ ನಿಂತರು.

“ಯಾಕ್ರಿ ಸಾವ್ಕಾರ್ರ, ನಮ್ಮ ಕಡಿಂದ ಏನರ ತಪ್ಪಾಗೇತೇನ್ರಿ?”

“ಏ ಇಲ್ರಿ ಇಲ್ರಿ, ಡಾಕ್ಟರ್ ಹೇಳ್ಯಾರ...”

“ಡಾಕ್ಟರ್ರೂ ಅಲ್ಲೇ ಮೂರನೇ ಪಂಗ್ತ್ಯಾಗ ಕುಂತಾರ ನೋಡ್ರಿ. ಜಿಲೇಬಿ ತಗೋಳಾಕತ್ಯಾರ.”

ಸಾವ್ಕಾರರು ಅಂಗೈ ತೆಗೆದರು. ಒಂದು ಸಂಬಂಧ ಉಳಿಯಿತು. ಹುಗ್ಗಿಯ ನಡುವೆ ಬೆರಳಲ್ಲಿ ಗುಳಿ ಮಾಡಿ, ತುಪ್ಪ ಆ ಗುಳಿ ತುಂಬಿ ಅಂಚಿಗೆ ಹರಿಯುವ ತನಕ ಅವರು ಸಾಕು ಎನ್ನಲಿಲ್ಲ. ಎದ್ದಾಗ ಐವತ್ತೈದು ನಿಮಿಷ ಆಗಿರಲಿಲ್ಲ ಎಂಬುದನ್ನು ನನಗೆ ಗಡಿಯಾರ ಸಮೇತ ತೋರಿಸಿದರು.

ಕೊನೆಗೆ ಮಿರಜಕ್ಕೆ ಹೋದದ್ದು ಮಂಡಿನೋವಿಗೆ. ಅಲ್ಲಿಯ ಡಾಕ್ಟರು ಮಂಡಿ ಬಿಟ್ಟು ಟೇಪು ತೆಗೆದು ಸೊಂಟ ಅಳೆದರು. ನಮ್ಮ ದೇಶದ ಗಂಡಸಿಗೆ ತೊಂಬತ್ತು ಸೆಂಟಿಮೀಟರು ದಾಟಿದರೆ ಎಚ್ಚರಿಕೆ. ಸಾವ್ಕಾರರದು ಆ ಗಡಿ ಯಾವ ವರ್ಷ ದಾಟಿತೋ ಅವರಿಗೇ ನೆನಪಿಲ್ಲ. ಐದಡಿ ಆರಿಂಚಿನ ಎತ್ತರಕ್ಕೆ ನೂರೆರಡು ಕಿಲೋ ಎಂದರೆ ಬಿಎಂಐ ಮೂವತ್ತಾರು. ಭಾರತೀಯರಿಗೆ ಇಪ್ಪತ್ತೈದಕ್ಕೇ ಸ್ಥೂಲಕಾಯ ಎನ್ನುತ್ತಾರೆ. ಲೆಕ್ಕ ಹಾಕಿದರೆ ಎಪ್ಪತ್ತು ಕಿಲೋ ಇರಬೇಕು. ಸಾವ್ಕಾರರು ಗಾಬರಿಯಾಗಿ, ಎರಡೇ ತಿಂಗಳಲ್ಲಿ ಇಳಿಯುವಂಥ ಜಬರದಸ್ತ್ ಡಯಟ್ ಯಾವುದಾದರೂ ಇದೆಯೇ ಎಂದು ಕೇಳಿದರು.

ಡಾಕ್ಟರು ಇಲ್ಲವೆನ್ನಲಿಲ್ಲ. ದಿನಕ್ಕೆ ಎಂಟುನೂರು ಕ್ಯಾಲರಿಯ ಆಸುಪಾಸಿನ ದ್ರವಾಹಾರ ಕೊಟ್ಟು ಬ್ರಿಟನ್ನಿನಲ್ಲಿ ಪ್ರಯೋಗ ಮಾಡಿದ್ದಾರೆ, 2017ರಲ್ಲಿ ಪ್ರಕಟವಾಯಿತು, ವರ್ಷದ ಕೊನೆಗೆ ಹತ್ತಿರ ಹತ್ತಿರ ಅರ್ಧ ಮಂದಿಯ ಸಕ್ಕರೆ ಕಾಯಿಲೆ ಮಾತ್ರೆ ಇಲ್ಲದೆ ಹತೋಟಿಗೆ ಬಂದಿತ್ತು ಎಂದರು. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ. ನೀವು ನುಂಗುವ ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಧಡ್ಡನೆ ಕುಸಿದು ಹೊಲದಲ್ಲೇ ಬೀಳುತ್ತೀರಿ. ಬಹಳ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕೂಡಬಹುದು. ಅದರ ಬದಲು ಐದು ಕಿಲೋ ಇಳಿಸಿ, ಅಷ್ಟಕ್ಕೇ ಸಕ್ಕರೆ, ಬಿಪಿ ಎರಡೂ ಮಾತು ಕೇಳತೊಡಗುತ್ತವೆ ಎಂದರು.

“ಅಲ್ರಿ, ದಿನಾ ಒಂದಿಷ್ಟ ಕಡಿಮಿ ಉಂಡ್ರ ರಿಕವರಿ ಎಷ್ಟ ಬರತೈತ್ರಿ?”

ಸಾವ್ಕಾರರ ಲೆಕ್ಕದಲ್ಲಿ ಕಬ್ಬು ಹಾಕಿದರೆ ಕ್ವಿಂಟಲಿಗೆ ಹತ್ತು ಕಿಲೋ ಸಕ್ಕರೆ ಏಳುತ್ತದೆ; ಹಸಿವು ಹಾಕಿದರೆ ಏನು ಏಳುತ್ತದೆ? ಡಾಕ್ಟರು ಚೀಟಿಯ ಹಿಂದೆ ಬರೆದು ತೋರಿಸಿದರು. ಒಂದು ಕಿಲೋ ಬೊಜ್ಜಿಗೆ ಸುಮಾರು 7,700 ಕ್ಯಾಲರಿ. ದಿನಕ್ಕೆ ಐದುನೂರು ಕಡಿಮೆ ಉಂಡರೆ ವಾರಕ್ಕೆ ಅರ್ಧ ಕಿಲೋಕ್ಕಿಂತ ಸ್ವಲ್ಪ ಕಡಿಮೆ, ಅದೂ ಮೊದಮೊದಲು.

“ಇಷ್ಟ ಕಡಿಮಿ ರಿಕವರಿಗೆ ಯಾವ ರೈತಾ ಕಬ್ಬ ಹಚ್ಚತಾನ್ರಿ?” ಎಂದು ಸಾವ್ಕಾರರು ಎದ್ದರು. ದಾರಿಯಲ್ಲಿ ಭಡಂಗ ಕಟ್ಟಿಸಿಕೊಂಡು ಊರಿಗೆ ಬಂದರು. ಊರಲ್ಲಿ ಹೇಳಿದ್ದು ಇಷ್ಟು: ಮಿರಜದ ಡಾಕ್ಟರು ಎಂಟುನೂರು ಕ್ಯಾಲರಿಗೆ ಹೂಂ ಅಂದಿದ್ದಾರೆ, ಎಳ್ಳಮಾಸಿ ಮುಗಿಯಲಿ. ಎಳ್ಳಮಾಸಿಯ ಆಚೆ ಸಂಕ್ರಾಂತಿ ಇತ್ತು, ಅದರ ಜೊತೆಗೆ ಕೊಕಟನೂರ ಯಲ್ಲಮ್ಮನ ಜಾತ್ರೆಗೆ ಬರುವ ಬೀಗರಿದ್ದರು. ಈ ನಡುವೆ ಅವರಿಗೆ ವಿಷಯದ ಮೇಲೆ ಎಷ್ಟು ಹಿಡಿತ ಬಂತೆಂದರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ಅವರು ಕೊಟ್ಟ ಸಲಹೆ ಕೇಳಿ ಇಬ್ಬರು ತೂಕ ಇಳಿಸಿಕೊಂಡರು.

ಮೂರನೆಯವರು ವೈನಿ. ದಿನಾ ಐವತ್ತೈದು ನಿಮಿಷ ಅಲಾರಾಂ ಕಾಯುವುದರೊಳಗೆ ಅವರ ಹಸಿವೇ ಇಂಗಿ, ಬೇಸತ್ತು, ಹೊತ್ತು ಮುಳುಗುವ ಮುಂಚೆ ಆಯಿಯ ಜೊತೆ ಕಟ್ಟೆಯ ಮೇಲೇ ಒಂದು ರೊಟ್ಟಿ ಉಂಡು, ಇಬ್ಬರೂ ಗಚ್ಚಿನಮಠದ ಕಡೆ ನಡೆದು ಬರುವ ರೂಢಿ ಮಾಡಿಕೊಂಡಿದ್ದರು. ಅದಕ್ಕೆ ಹೆಸರೇನೂ ಇಟ್ಟಿರಲಿಲ್ಲ. ಒಂದು ದಿನ ಬಳೆ ಸಡಿಲಾಗಿದ್ದು ಕಂಡು ಗಾಜಿನ ಕಾಟಾ ಹತ್ತಿದರೆ ಒಂಬತ್ತು ಕಿಲೋ ಕಡಿಮೆ.

ಸಾವ್ಕಾರರಿಗಾದ ಸಂತೋಷ ಹೇಳತೀರದು. ಅದೇ ಸಂಜೆ ಸೊಸೈಟಿಯ ಕಟ್ಟೆಯ ಮೇಲೆ ಘೋಷಣೆಯೂ ಆಯಿತು:

“ಡಯಟ್ ನಮ್ಮನ್ಯಾಗ ಸಕ್ಸೆಸ್ ಆತು. ನಾ ಒಂದ್ ಏರೇನಿ, ಆಕಿ ಒಂಬತ್ತ ಇಳದಾಳ. ಸರಾಸರಿ ತಗದ್ರ ಮನಶ್ಯಾಗ ನಾಕ ಕಿಲೋ ಇಳದಂಗಾತು.”

ಸೆಕ್ರೆಟರಿ ಲೆಕ್ಕ ಮಾಡಿ ನೋಡಿದ. ಬರೋಬ್ಬರಿ ಇತ್ತು.