ಒಡೆದ ಗ್ರಹದ ವಾರಸುದಾರ

ಕೈತಪ್ಪಿದ ಹೊಲಕ್ಕಾಗಿ ಉತಾರ ಹಿಡಿದು ಕಚೇರಿ ಅಲೆಯುವವರಿಗೆ ಬೆಳಗಾವಿಯಲ್ಲಿ ಬರವಿಲ್ಲ. ಕೈತಪ್ಪಿದ ಗ್ರಹಕ್ಕಾಗಿ ಅಲೆಯುವವರು ಮಾತ್ರ ಬಡಾವಣೆಗೆ ಒಬ್ಬರೇ ಸಿಗುತ್ತಾರೆ. ನಮ್ಮ ಟಿಳಕವಾಡಿಯ ಪಾಲಿಗೆ ಬಂದವರು ಗ್ರಹ ಕಾಕಾ. ಹುಟ್ಟಿದ್ದು ಖಾನಾಪುರ ತಾಲೂಕಿನಲ್ಲಿ, ದುಡಿದದ್ದು ಬ್ಯಾಂಕಿನಲ್ಲಿ, ನಿವೃತ್ತಿಯಾದ ಮೇಲೆ ಮನಸ್ಸು ಹೋಗಿ ಕೂತದ್ದು ಮಂಗಳಕ್ಕೂ ಗುರುವಿಗೂ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ಒಂದು ಕಾಲಕ್ಕೆ ಮಾಲ್ಡೆಕ್ ಎಂಬ ಐದನೇ ಗ್ರಹವಿತ್ತು, ಅದರ ಮೇಲೆ ನಮಗಿಂತ ಶ್ಯಾಣ್ಯಾ ಜನ ಇದ್ದರು, ತಮ್ಮತಮ್ಮಲ್ಲೇ ಬಡಿದಾಡಿ ಗ್ರಹವನ್ನೇ ಸಿಡಿಸಿಕೊಂಡರು, ಪಾರಾದ ಕೆಲವರು ಭೂಮಿಗೆ ಬಂದರು ಎಂಬುದು ಕಾಕಾರ ಸಿದ್ಧಾಂತ. ಭೂಮಿಯಲ್ಲಿ ಎಲ್ಲಿಗೆ ಬಂದರು ಎಂದು ಕೇಳಬೇಕಿಲ್ಲ. ಖಾನಾಪುರ ತಾಲೂಕಿಗೇ ಬಂದರು.

ಇಂಥವರನ್ನು ನೀವು ದೂರದಿಂದಲೇ ಗುರುತಿಸಬಹುದು. ಹೆಗಲಿಗೆ ಹಳೆಯ ರೆಗ್ಜಿನ್ ಚೀಲ, ಅದರೊಳಗೆ ಮೂಲೆ ಮಡಿಸಿದ ಝೆರಾಕ್ಸ್ ಹಾಳೆಗಳು, ಒಂದು ಭೂತಗನ್ನಡಿ, ಒಂದು ಅಯಸ್ಕಾಂತ. ಮಾತು ಶುರುವಾಗುವುದು "ಇದನ್ನ ನಾಸಾದವ್ರು ಮುಚ್ಚಿಟ್ಟಾರ ತಮ್ಮಾ" ಎಂಬಲ್ಲಿಂದ. ಅವರು ಮುಚ್ಚಿಟ್ಟದ್ದು ನಿಮಗೆ ಹೆಂಗ ಸಿಕ್ತು ಕಾಕಾ ಎಂದರೆ, "ಮೊಬೈಲ್‌ನ್ಯಾಗ ಐತಲ್ಲ" ಎನ್ನುತ್ತಾರೆ.

ಹಾಗಂತ ಈ ಕಥೆ ಬುಡವೇ ಇಲ್ಲದ್ದೇನಲ್ಲ. 1766ರಲ್ಲಿ ಜರ್ಮನಿಯ ಟಿಟಿಯಸ್ ಎಂಬ ಪ್ರಾಧ್ಯಾಪಕ, ಗ್ರಹಗಳು ಸೂರ್ಯನಿಂದ ಎಷ್ಟೆಷ್ಟು ದೂರದಲ್ಲಿವೆ ಎಂಬುದರಲ್ಲಿ ಒಂದು ಲೆಕ್ಕ ಕಂಡ. ಬೋಡೆ ಎಂಬವ ಅದನ್ನು ಊರಿಗೆಲ್ಲ ಸಾರಿದ. 1781ರಲ್ಲಿ ಸಿಕ್ಕ ಯುರೇನಸ್ ಕೂಡ ಆ ಲೆಕ್ಕಕ್ಕೆ ಹೆಚ್ಚುಕಡಿಮೆ ಹೊಂದಿತು. ಮಂಗಳ-ಗುರುಗಳ ನಡುವೆ ಮಾತ್ರ ಲೆಕ್ಕ ಇನ್ನೊಂದು ಗ್ರಹ ಕೇಳುತ್ತಿತ್ತು. 1801ರ ಜನವರಿ 1ರಂದು ಸಿಸಿಲಿಯಲ್ಲಿ ಪಿಯಾಜಿ ಎಂಬ ಪಾದ್ರಿಗೆ ಅಲ್ಲಿ ಸೆರೆಸ್ ಕಂಡಿತು. ಮರುವರ್ಷ ಓಲ್ಬರ್ಸ್ ಎಂಬ ವೈದ್ಯ ಪಲ್ಲಾಸನ್ನು ಕಂಡು, ಇವೆಲ್ಲ ಒಂದೇ ಒಡೆದ ಗ್ರಹದ ಚೂರುಗಳಿರಬಹುದೇ ಎಂದು ಸಂಶಯಪಟ್ಟ. ಇಲ್ಲಿಯವರೆಗೆ ಕಾಕಾರ ವಿಜ್ಞಾನ ಚೊಕ್ಕ. 1846ರಲ್ಲಿ ನೆಪ್ಚೂನ್ ಸಿಕ್ಕಿ ಆ ಲೆಕ್ಕವೇ ತಲೆಕೆಳಗಾಯಿತು ಎಂಬ ಪುಟ ಬರುವ ಹೊತ್ತಿಗೆ ಅವರ ಝೆರಾಕ್ಸ್ ಮುಗಿದಿರುತ್ತದೆ. 1802ರಿಂದ ಅವರು ನೆಟ್ಟಗೆ 1976ಕ್ಕೆ ಜಿಗಿಯುತ್ತಾರೆ. ಆ ವರ್ಷ ಸಿಚಿನ್ ಎಂಬಾತ, ನಿಬಿರು ಎಂಬ ಗ್ರಹ 3,600 ವರ್ಷಕ್ಕೊಮ್ಮೆ ನಮ್ಮ ಕಡೆ ಬಂದು ಹೋಗುತ್ತದೆಂದು ಪುಸ್ತಕ ಬರೆದ.

ಗ್ರಹ ಒಡೆದ ಬಗೆಯನ್ನು ಕಾಕಾ ತೋರಿಸುವುದು ಲಡಗಿ ಲಾಡಿನಲ್ಲಿ. ಮನೆಗೆ ಹೋದವರ ಮುಂದೆ ಅವರ ಹೆಂಡತಿ ಕಾಕೂ ತಟ್ಟೆ ಇಟ್ಟರೆ ಸಾಕು, ಅದರಲ್ಲೊಂದು ಲಾಡು ಎತ್ತಿ "ಇದು ಮಾಲ್ಡೆಕ್" ಎಂದು ಮೇಜಿಗೆ ಗುದ್ದುತ್ತಾರೆ. ಬೆಲ್ಲ ಗಟ್ಟಿಯಾಗಿದ್ದ ದಿನ ಒಂದೇ ಗುದ್ದಿಗೆ ಪ್ರಳಯವಾಗುವುದಿಲ್ಲ, ಮತ್ತೊಂದು ಬೇಕು. ಚೂರುಗಳು ಸೋಫಾದ ಕೆಳಗೆಲ್ಲ ಹಾರುತ್ತವೆ. "ಇವ ಕ್ಷುದ್ರಗ್ರಹಗಳು!" ಒಂದು ಸಲ ಕಾಕೂ ಕಸಬರಿಗೆ ಹಿಡಿದು ನಿಂತೇ ಕೇಳಿದರು: "ಅಲ್ರೀ, ಒಡದ ಲಾಡಿನ ಚೂರೆಲ್ಲಾ ಕೂಡಿಸಿದ್ರ ಒಂದು ಲಾಡು ಆಗಬೇಕಲ್ಲ? ಮ್ಯಾಲಿನ ಚೂರೆಲ್ಲಾ ಕೂಡಿಸಿದ್ರ ಎಷ್ಟ ಆಗ್ತೈತಿ?" ಕಾಕಾ ಚೀಲ ತಡಕಿದರು. ಆ ಚೂರುಗಳನ್ನೆಲ್ಲ ಒಟ್ಟು ಹಾಕಿ ತೂಗಿದರೂ ನಮ್ಮ ಚಂದ್ರನ ನೂರರಲ್ಲಿ ನಾಲ್ಕು ಪಾಲೂ ಆಗುವುದಿಲ್ಲ. ಅದರಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಸೆರೆಸ್‌ ಒಂದರದೇ. "ಹಂಗಾರ ಉಳಿದದ್ದು ಯಾರು ತಿಂದ್ರು?" ಎಂದರು ಕಾಕೂ. ಕಾಕಾ ಸಿಟ್ಟಿಗೆದ್ದು "ಗುರು ತಿಂದ!" ಎಂದುಬಿಟ್ಟರು. 1802 ದಾಟಿದ ಮೇಲಿನ ಅವರ ಉಪನ್ಯಾಸದಲ್ಲಿ ಖಗೋಳಶಾಸ್ತ್ರಜ್ಞರು ತಲೆಯಾಡಿಸಬಹುದಾದ ಮಾತು ಇದೊಂದೇ. ಗುರುಗ್ರಹದ ಸೆಳೆತವೇ ಅಲ್ಲಿಯ ಕಲ್ಲುಮಣ್ಣು ಒಟ್ಟುಗೂಡಿ ಗ್ರಹವಾಗಲು ಬಿಡಲಿಲ್ಲ, ಬಹುಪಾಲನ್ನು ಆಚೆಗೆ ಎಸೆದೂಬಿಟ್ಟಿತು. ಒಡೆಯುವುದಕ್ಕೆ ಅಲ್ಲಿ ಲಾಡು ಕಟ್ಟಿರಲೇ ಇಲ್ಲ.

ಖಾನಾಪುರದ ಸಾಕ್ಷ್ಯಗಳಿಗೆ ಬರೋಣ. ಹಲಸಿಯಲ್ಲಿ ಕದಂಬರ ಕಾಲದ ಭೂವರಾಹ ನರಸಿಂಹ ದೇವಸ್ಥಾನವಿದೆ, ಎರಡು ಗರ್ಭಗುಡಿಗಳು ಎದುರುಬದುರು. "ವರಾಹ ಭೂಮಿನ ಯಾಕ ಎತ್ತಿದ, ಹೇಳು. ಬಾಜೂಕಿನ ಗ್ರಹ ಸಿಡೀತು, ಇದನ್ನ ಸರಸಬೇಕಾತು!" ಪುರಾಣದಲ್ಲಿ ಹಿರಣ್ಯಾಕ್ಷ ಬರುತ್ತಾನಲ್ಲ ಎಂದರೆ, ಅದು ಆ ಗ್ರಹದ ಸೇನಾಪತಿಯ ಹೆಸರು. ಭೀಮಗಡ ಕಾಡಿನ ಬಾರಾಪೇಡೆ ಗವಿ ಆ ಗ್ರಹದವರು ಇಳಿದ ಬಾಗಿಲು. 1913ರಲ್ಲಿ ವಿಜ್ಞಾನ ಹೆಸರಿಟ್ಟ ಅಪರೂಪದ ರಾಟನ್ ಬಾವಲಿಗೆ ಆ ಗವಿಯೇ ಮನೆ. ಬಹಳ ಕಾಲ ಜಗತ್ತಿನಲ್ಲಿ ಆ ಬಾವಲಿಯ ಮರಿಗಳು ಹುಟ್ಟುವ ಜಾಗವೆಂದು ಗೊತ್ತಿದ್ದದ್ದು ಅದೊಂದೇ. ಕಾಕಾರ ಪ್ರಕಾರ ಬಾವಲಿಗಳು ಬರೀ ಪಹರೆಯವು. ಒಳಗೆ ಬಿಡದ ಅರಣ್ಯ ಇಲಾಖೆಯವರೂ ಪಹರೆಯವರೇ.

ಬೆಳಗಾವಿ ಕೋಟೆಯ ಕಮಲ ಬಸ್ತಿಗೆ ಅವರ ಜೊತೆ ಹೋದರೆ ಕುತ್ತಿಗೆ ನೋಯುವುದು ಗ್ಯಾರಂಟಿ. 1204ರಲ್ಲಿ ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿ ಅದು. ಮುಖಮಂಟಪದ ಮಾಳಿಗೆಯಿಂದ ಕಲ್ಲಿನ ಕಮಲವೊಂದು ಎಸಳೆಸಳಾಗಿ ಕೆಳಗೆ ಇಳಿಬಿದ್ದಿದೆ. ಎಸಳುಗಳ ಮೇಲೆ ತೀರ್ಥಂಕರರು. ಎಷ್ಟು ನೋಡಿದರೂ ಕಣ್ಣು ಕೀಳಲಾಗುವುದಿಲ್ಲ. ಕಾಕಾ ಅದರ ಕೆಳಗೆ ನಿಂತು, "ಇದು ಹಾರೋ ತಟ್ಟಿಯ ತಳ" ಎನ್ನುತ್ತಾರೆ. ನನಗೆ ಕಾಕಾರ ಮೇಲೆ ಸಿಟ್ಟು ಬರುವುದು ಇಲ್ಲೇ. ಕೋಟಿಗಟ್ಟಲೆ ಮೈಲಿಯಾಚೆಯವರು ಬಂದು ಮಾಡಿದರೆಂದರೆ ನಂಬುತ್ತಾರೆ; ಇಲ್ಲಿಯವನೊಬ್ಬ ಉಳಿ ಹಿಡಿದು, ಜೋಳದ ರೊಟ್ಟಿ ಉಂಡು, ತಲೆ ಓಡಿಸಿ ಮಾಡಿದ ಎಂದರೆ ಮಾತ್ರ ನಂಬಲು ಪುರಾವೆ ಕೇಳುತ್ತಾರೆ.

ಆ ಗ್ರಹದ ಜನ ಬಡಿದಾಡಿದ್ದಾದರೂ ಏಕೆ ಎಂಬುದಕ್ಕೆ ಅವರ ಉತ್ತರ ಅಚ್ಚ ಬೆಳಗಾವಿಯದು: "ಗಡಿ ತಂಟೆ." 1967ರ ಮಹಾಜನ ವರದಿಯಂಥದ್ದೊಂದು ಅಲ್ಲಿಯೂ ಬಂದಿತ್ತಂತೆ, ಅರ್ಧ ಗ್ರಹ ಒಪ್ಪಲಿಲ್ಲವಂತೆ. ಅವರ ಭಾಷೆ ಯಾವುದಿತ್ತು ಎಂದು ಚಹಾದಂಗಡಿಯಲ್ಲಿ ಯಾರೋ ಕೇಳಿದರು. ಕಾಕಾ ಸುತ್ತ ಕಣ್ಣಾಡಿಸಿದರು. ಅಂಗಡಿ ತುಂಬಿತ್ತು, ಎರಡೂ ಕಡೆಯವರಿದ್ದರು. "ಅವ್ರು ಮಾತೇ ಆಡ್ತಿರಲಿಲ್ಲ. ಮನಸಿನಿಂದ ಮನಸಿಗೆ ತಿಳೀತಿತ್ತು" ಎಂದರು.

2012 ಅವರ ಸುಗ್ಗಿಯ ವರ್ಷ. ಡಿಸೆಂಬರ್ 21ಕ್ಕೆ ನಿಬಿರು ಬಂದು ಬಡಿಯುತ್ತದೆಂದು ಟಿವಿಯವರೂ ಕೂಗುತ್ತಿದ್ದರು. ಆ ಅಕ್ಟೋಬರ್ 11ರಂದೇ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಬಂದು ಇಲ್ಲಿಯ ಸುವರ್ಣ ವಿಧಾನಸೌಧ ಉದ್ಘಾಟಿಸಿದ್ದರು. ಮುಳುಗುವ ಜಗತ್ತಿನಲ್ಲಿ ಸರ್ಕಾರ ನೂರಾರು ಕೋಟಿ ಸುರಿದೀತೇ ಕಾಕಾ ಎಂದರೆ, "ಅದು ಪಾರಾಗೋರಿಗೆ ಕಟ್ಟಿದ್ದು" ಎಂದರು. ಆದರೆ ಅದೇ ಡಿಸೆಂಬರಿನಲ್ಲಿ ತಮ್ಮ ಎಫ್‌ಡಿಯನ್ನು ಐದು ವರ್ಷಕ್ಕೆ ನವೀಕರಿಸಿದರು. ಪ್ರಳಯ ಪ್ರಳಯವೇ, ಬಡ್ಡಿ ಬಡ್ಡಿಯೇ.

ವಿಮಾನದ ಸುದ್ದಿ ಎತ್ತಿದರೆ ಕಾಕಾ ಕನ್ನಡಾಭಿಮಾನಿಯಾಗುತ್ತಾರೆ. ಪುರಾತನ ವಿಮಾನಗಳ ಗ್ರಂಥವೆಂದು ಅವರು ನಂಬಿರುವ ವೈಮಾನಿಕ ಶಾಸ್ತ್ರವನ್ನು ಹೇಳಿ ಬರೆಸಿದವರು ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು. ಚಿತ್ರ ಬರೆದವರು ಬೆಂಗಳೂರಿನ ಎಲ್ಲಪ್ಪ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಕೂಲಂಕಷವಾಗಿ ಓದಿ, ಗ್ರಂಥ 1904ಕ್ಕಿಂತ ಹಳೆಯದಲ್ಲ, ಅದರ ವಿಮಾನಗಳು ಹಾರುವಂಥವೂ ಅಲ್ಲ ಎಂದು ಬರೆದರು. ಇದಕ್ಕೂ ಕಾಕಾರ ಬಳಿ ಉತ್ತರವಿದೆ: "ಆ ಐದೂ ಮಂದಿ ಒಮ್ಮೆರೆ ಅದರಾಗ ಕುಂತು ನೋಡ್ಯಾರೇನು?"

ಇನ್ನು ಕಾಕಾರ ಬಳಿಯ ಒಂದು ಕಲ್ಲಿನ ಕಥೆ. ಖಾನಾಪುರದ ಹೊಲದ ಬದುವಿನಲ್ಲಿ ಸಿಕ್ಕಿದ್ದು, ಕರ್ರಗೆ, ಮೈತುಂಬ ತೂತು. ಮಾಲ್ಡೆಕ್‌ನ ಚೂರೆಂದು ಕಾಕಾ ದೇವರ ಕೋಣೆಯಲ್ಲೇ ಇಟ್ಟರು. ಖಾನಾಪುರ ಹಂಚು, ಇಟ್ಟಂಗಿ, ಮಡಿಕೆಗಳ ಊರು. ಭಟ್ಟಿಯಲ್ಲಿ ದುಡಿಯುವ ಹುಡುಗನೊಬ್ಬ ಒಂದು ದಿನ ಅದನ್ನು ನೋಡಿದ್ದೇ, "ಕಾಕಾ, ಇದು ಬೆಂಕಿ ಹೆಚ್ಚಾಗಿ ಉಬ್ಬಿದ ಇಟ್ಟಂಗಿ ಐತ್ರಿ" ಎಂದ. ಅವನು ಹೇಳಿದ್ದು ಸರಿಯೇ. ಆಕಾಶದಿಂದ ಬಿದ್ದ ಕಲ್ಲಿನಲ್ಲಿ ಇಂಥ ಗುಳ್ಳೆ-ತೂತುಗಳು ಬಲು ಅಪರೂಪ, ಭಟ್ಟಿಯ ಕಿಟ್ಟದಲ್ಲಿ ಎಲ್ಲೆಲ್ಲೂ ಅವೇ. ಆದರೆ ಅಷ್ಟರಲ್ಲಿ ಕಾಕೂ ಅದಕ್ಕೆ ಕುಂಕುಮ ಹಚ್ಚಿಯಾಗಿತ್ತು. ಕುಂಕುಮ ಬಿದ್ದ ಕಲ್ಲನ್ನು ಹೊರಗೆ ಎಸೆಯಲು ನಮ್ಮ ಕಡೆ ಯಾರಿಗೂ ಧೈರ್ಯವಿಲ್ಲ. ಅದು ಈಗಲೂ ಅಲ್ಲೇ ಇದೆ, ಸೋಮವಾರಕ್ಕೊಮ್ಮೆ ಹೂ ಏರುತ್ತದೆ.

ಖಾನಾಪುರದ ಬಸ್ಸಿನಲ್ಲಿ ರೆಗ್ಜಿನ್ ಚೀಲದವರೊಬ್ಬರು ಪಕ್ಕಕ್ಕೆ ಬಂದು ಕೂತರೆ ಹೆದರಬೇಡಿ. ದಾರಿ ಇಪ್ಪತ್ತೈದು ಕಿಲೋಮೀಟರಿನಷ್ಟು ಮಾತ್ರ, ಇಳಿದ ಮೇಲೆ ಚಹಾದ ದುಡ್ಡನ್ನೂ ಅವರೇ ಕೊಡುತ್ತಾರೆ. ಗ್ರಹದ ಬಗ್ಗೆ ಏನು ಬೇಕಾದರೂ ಕೇಳಿ, ವಾದ ಮಾಡಿ, ನಕ್ಕುಬಿಡಿ, ಬೇಸರಪಡುವ ಪೈಕಿ ಅಲ್ಲ. ಚೀಲದಿಂದ ಅಂಥದೇ ಇನ್ನೊಂದು ಕಲ್ಲು ತೆಗೆದು ಕೊಡಲು ಬಂದರೆ ಮಾತ್ರ ಕೈ ಒಡ್ಡಬೇಡಿ. ಆಮೇಲೆ ವಾರವಾರ ಹೂ ತರುವ ಕೆಲಸ ನಿಮ್ಮದಾಗುತ್ತದೆ.