ನೆರೆನೀರಿನ ಕಾರ್ಯಕಾರಣ ಮೀಮಾಂಸೆ, ಅಥವಾ ಕೊಟ್ಟಾರಚೌಕಿಯ ಕತ್ತೆ

ಪೀಠಿಕೆ: ಕಾರಣವೆಂದರೆ 'ಅನನ್ಯಥಾಸಿದ್ಧ ನಿಯತಪೂರ್ವವೃತ್ತಿ' ಎನ್ನುತ್ತಾರೆ ನೈಯಾಯಿಕರು. ಅಂದರೆ ಕಾರ್ಯಕ್ಕೆ ಮೊದಲು ತಪ್ಪದೆ ಇರಬೇಕು, ಬರಿದೆ ಜೊತೆಗಿದ್ದರೆ ಸಾಲದು. ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ, ಅದು ಅನ್ಯಥಾಸಿದ್ಧ. ಒಂದರ ಬೆನ್ನಿಗೆ ಇನ್ನೊಂದು ಬರುವುದನ್ನು ಕಂಡು ಕಂಡು ಮನಸ್ಸಿಗಾದ ರೂಢಿಯೇ ಕಾರಣ ಎಂದು 1748ರಲ್ಲಿ ತತ್ತ್ವಜ್ಞಾನಿ ಹ್ಯೂಮ್ ವಾದಿಸಿದ. ಇವರಾರೂ ಮಂಗಳೂರಿನ ಮಳೆಗಾಲದಲ್ಲಿ ಸಿಟಿ ಬಸ್ಸಿಗೆ ಕಾದವರಲ್ಲ.

ಪ್ರಮೇಯ 1, ರಜಾಜನ್ಯ ಆತಪವಾದ: 24 ಗಂಟೆಯಲ್ಲಿ 204.5 ಮಿ.ಮೀ. ಮಳೆಯಾದೀತೆಂದು ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ. ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಸಾರುತ್ತಾರೆ. ಹತ್ತು ಗಂಟೆಗೆ ಚುರುಗುಟ್ಟುವ ಬಿಸಿಲು. ಹ್ಯೂಮನ ಮತದಂತೆ ರಜೆಯೇ ಬಿಸಿಲಿಗೆ ಕಾರಣ. ಹಲಸಿನ ಹಪ್ಪಳ ಒಣಗಿಸಲು ಬಾಕಿಯಿರುವವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು.

ಪ್ರಮೇಯ 2, ಸಂಭಾವ್ಯತಾವಾದ: ಅನುಕೂಲ ಸಂದರ್ಭಗಳನ್ನು ಒಟ್ಟು ಸಂದರ್ಭಗಳಿಂದ ಭಾಗಿಸಿರಿ ಎಂದ ಗಣಿತಜ್ಞ ಲಾಪ್ಲಾಸ್, 1814ರಲ್ಲಿ. ನಮ್ಮೂರಿನ ಪಂಪ್‌ವೆಲ್ ಮೇಲ್ಸೇತುವೆ ಮುಗಿಯುವ ಸಂಭಾವ್ಯತೆಯನ್ನು ನಾವು ಹತ್ತಿರ ಹತ್ತಿರ ಹತ್ತು ವರ್ಷ ಭಾಗಿಸಿದೆವು. 2020ರ ಜನವರಿ 31ರಂದು ಅದು ಉದ್ಘಾಟನೆಯಾಗಿ ಗಣಿತಶಾಸ್ತ್ರಕ್ಕೇ ಮುಖಭಂಗವಾಯಿತು. ಇನ್ನು ವರ್ಷಕ್ಕೆ 3,500 ಮಿ.ಮೀ. ಸುರಿಯುವ ಊರಲ್ಲಿ ಜೂನ್‌ನಲ್ಲಿ ಮಳೆ ಬರುವ ಸಂಭಾವ್ಯತೆ? ಒಂದು. ಆದರೂ ಪತ್ರಿಕಾ ಹೇಳಿಕೆಯಲ್ಲಿ ಅದು ಪ್ರತಿ ವರ್ಷವೂ 'ಅನಿರೀಕ್ಷಿತ'.

ಪ್ರಮೇಯ 3, ನೆರೆಯ ಹದಿನೆಂಟು ಕಾರಣಗಳು: (ಅ) ಮೇಘಕಾರಣ, (ಆ) ಸಮುದ್ರದ ಉಬ್ಬರಕಾರಣ, (ಇ) ಸಾರ್ವಜನಿಕರ ಪ್ಲಾಸ್ಟಿಕ್ ಕಾರಣ, (ಈ) ಹಿಂದಿನ ಆಡಳಿತಕಾರಣ, (ಉ)... ಸಾಕು ಮಾರಾಯ್ರೆ, ಉಳಿದದ್ದನ್ನು ನೀವೇ ತುಂಬಿಕೊಳ್ಳಿ.

ಒಂದು ರಾತ್ರಿ ನಗರದ ಕೊಟ್ಟಾರಚೌಕಿಯ ಬಳಿ ಪರಿಚಯದವರ ಮನೆಗೆ ಹೋಗಿದ್ದೆ. ಮೊಣಕಾಲುದ್ದ ನೀರು. ಅಜ್ಜಿ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು, ಮಡಿಲಲ್ಲಿ ಮಿಕ್ಸಿ. ಅಕ್ಕಿಯ ಡಬ್ಬಿ ಬಾಗಿಲಿಗೆ ಬಡಿಯುತ್ತ ತೇಲುತ್ತಿತ್ತು. "ಮೊದಲು ಇಲ್ಲಿ ಗದ್ದೆ ಇತ್ತು, ತೋಡು ದಾಟಲು ಸಂಕ ಬೇಕಿತ್ತು. ಈಗ ನಾನೇ ದಾಟ್ತೇನೆ" ಎಂದರು. ಇಷ್ಟೇ ಕಾರಣ. ಇದಕ್ಕೆ ಹ್ಯೂಮ್ ಬೇಡ, ತಜ್ಞರ ಸಮಿತಿಯೂ ಬೇಡ. ಗದ್ದೆಗೆ ಮಣ್ಣು ತುಂಬಿಸಲು ಅನುಮತಿ ಕೊಟ್ಟವರು, ತೋಡನ್ನು ಒತ್ತಿ ಗೋಡೆ ಕಟ್ಟಿದವರು, ನೋಡಿಯೂ ಸುಮ್ಮನಿದ್ದ ನಾವು, ಎಲ್ಲರೂ ಕಡತದಲ್ಲಿ ಮಾತ್ರ ಅನ್ಯಥಾಸಿದ್ಧರು. ಮಣ್ಣು ಹೊತ್ತದ್ದು ಕತ್ತೆಯಂತೆ.

2018ರ ಮೇ 29ರಂದು, ಮಳೆಗಾಲ ಸರಿಯಾಗಿ ಶುರುವಾಗುವ ಮೊದಲೇ, ಈ ನಗರ ಮುಳುಗಿತ್ತು. ಆದ್ದರಿಂದ ಸಿದ್ಧಾಂತ ಆಮೇಲೆ ನೋಡೋಣ. ಏಪ್ರಿಲ್ ಮುಗಿಯುವುದರೊಳಗೆ ತೋಡುಗಳ ಹೂಳು ತೆಗೆಯಿರಿ.